ಮಗ್ಗದೂರಿನ ಸೈಕಲ್ ದಾರಿ

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ದೊಡ್ಡಬಳ್ಳಾಪುರಕ್ಕೆ ಹೊಸದಾಗಿ ಬಂದಿಳಿದವರನ್ನು ಮೊದಲು ಎದುರುಗೊಳ್ಳುವುದು ಆ ಊರಿನ ಸದ್ದು. ಬೀದಿಬೀದಿಯ ಸೂರುಗಳ ಅಡಿಯಿಂದ ವಿದ್ಯುತ್ ಮಗ್ಗಗಳ ಟಕಟಕ ನಾದ ಹೊರಬೀಳುತ್ತಿರುತ್ತದೆ. ಇಲ್ಲಿಯ ಸೀರೆಗಳನ್ನು ನಾಡಿನ ಎಷ್ಟೋ ಮನೆಗಳು ಬಲ್ಲವು. ಆದರೆ ಸೀರೆಯುಡುವ ಗೃಹಿಣಿಯಾಗಲಿ, ಹಣ ತೆರುವ ಯಜಮಾನರಾಗಲಿ, ಅದನ್ನು ನೇಯ್ದವನು ಮಗ್ಗದ ಬಳಿಗೆ ಬಂದು ಸೇರುವುದು ಹೇಗೆಂದು ಯೋಚಿಸಿರಲಾರರು. ಅದನ್ನು ತಿಳಿಯಬೇಕಾದರೆ ಪಾಳಿ ಬದಲಾಗುವ ಹೊತ್ತಿಗೆ ಊರ ಹೊರಗಿನ ರಸ್ತೆಯಲ್ಲಿ ನಿಂತು ನೋಡಬೇಕು.

ಮೋಟಾರ್ ಬೈಕುಗಳೂ ಮೊಪೆಡ್ಡುಗಳೂ ಭರ್ರೆಂದು ಹಾಯುವ ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ಕರಿಯ ಸೈಕಲ್ಲು ಕಾಣಿಸುತ್ತದೆ. ಹಿಂದೆ ಇದೇ ದಾರಿಯಲ್ಲಿ ಸೈಕಲ್ಲುಗಳೇ ಸಾಲುಗಟ್ಟಿ ಸಾಗುತ್ತಿದ್ದವು. ಇಂದು ಉಳಿದಿರುವ ಸವಾರರು ಬಹುಮಟ್ಟಿಗೆ ನಡುವಯಸ್ಸು ದಾಟಿದವರು. ಹಟಕ್ಕಾಗಿಯೋ ಆರೋಗ್ಯಕ್ಕಾಗಿಯೋ ಅವರು ಸೈಕಲ್ಲನ್ನು ಹಿಡಿದುಕೊಂಡಿಲ್ಲ. ಮಗ್ಗದ ಕೂಲಿ ಸಾಮಾನ್ಯವಾಗಿ ನೇಯ್ದಷ್ಟಕ್ಕೆ ಮಾತ್ರ. ವಿದ್ಯುತ್ತು ಹೋದರೆ ಮಗ್ಗ ನಿಂತಿತು. ಮಗ್ಗ ನಿಂತರೆ ಕೂಲಿ ನಿಂತಿತು. ಪೆಟ್ರೋಲಿನ ಬಂಕಿನವನಿಗೆ ಈ ಲೆಕ್ಕ ಹೇಳಿದರೆ ನಡೆಯುತ್ತದೆಯೆ? ಬಸ್ಸಂತೂ ರಾತ್ರಿ ಪಾಳಿ ಮುಗಿಯುವವರೆಗೆ ಯಾರಿಗಾಗಿಯೂ ಕಾದು ನಿಲ್ಲುವುದಿಲ್ಲ. ಹೀಗಾಗಿ ಆರು, ಎಂಟು, ಹತ್ತು ಕಿಲೋಮೀಟರ್ ದೂರದ ಹಳ್ಳಿಗಳಿಂದ ಬರುವ ಇಂಥವರಿಗೆ ಸೈಕಲ್ಲೇ ಗತಿ.

ಆ ಸೈಕಲ್ಲಿನ ಸಾಜುಸಜ್ಜನ್ನು ಒಮ್ಮೆ ನೋಡಬೇಕು. ಹಿಂದಿನ ಕ್ಯಾರಿಯರಿನ ಮೇಲೆ ರಬ್ಬರು ಪಟ್ಟಿಯಿಂದ ಬಿಗಿದ ಬುತ್ತಿ ಡಬ್ಬಿ. ಹಿಂದಿನ ರಾತ್ರಿಯ ಮುದ್ದೆಗೂ ಬೆಳಗಿನ ಚಿತ್ರಾನ್ನಕ್ಕೂ ಅದೊಂದೇ ಡಬ್ಬಿ. ಹ್ಯಾಂಡಲ್ಲಿಗೆ ತೂಗುಹಾಕಿದ ತಂತಿಚೀಲದಲ್ಲಿ ನೀರಿನ ಬಾಟಲಿ. ಸೀಟಿನ ಅಡಿಯ ಪುಟ್ಟ ತೊಗಲು ಚೀಲದಲ್ಲಿ ಒಂದು ಸ್ಪ್ಯಾನರು, ಉಪ್ಪುಕಾಗದದ ಚೂರು, ಹಳೆಯ ಟ್ಯೂಬಿನಿಂದ ಕತ್ತರಿಸಿದ ತೇಪೆಗಳು, ಸೊಲ್ಯೂಷನ್ನಿನ ಟ್ಯೂಬು. ಮಳೆಗಾಲದಲ್ಲಿ ಇದೇ ಸೀಟಿಗೆ ಪ್ಲಾಸ್ಟಿಕ್ಕಿನ ಟೋಪಿ ಏರುತ್ತದೆ. ಸವಾರನ ತಲೆಗೆ ರಸಗೊಬ್ಬರದ ಚೀಲದ ಕೊಪ್ಪೆ. ಪ್ಯಾಂಟಿನ ಕಾಲು ಚೈನಿಗೆ ಸಿಕ್ಕದಂತೆ ಹಿಂದೆ ಉಕ್ಕಿನ ಕ್ಲಿಪ್ಪನ್ನು ಹಾಕುತ್ತಿದ್ದರು. ಈಗ ಅಂಗಡಿಯಲ್ಲಿ ಅದನ್ನು ಕೇಳಿದರೆ ಹುಡುಗರು ನಗುತ್ತಾರೆ; ರಬ್ಬರ್ ಬ್ಯಾಂಡೇ ಸಾಕು.

ಇನ್ನು ದೀಪ. ಪುರಸಭೆಗಳು ಸೈಕಲ್ಲಿಗೂ ವರ್ಷಾವರಿ ತೆರಿಗೆ ಹಾಕಿ ಲೋಹದ ಬಿಲ್ಲೆ ಕೊಡುತ್ತಿದ್ದ ಕಾಲದಲ್ಲಿ ದೀಪವಿಲ್ಲದ ಸವಾರನನ್ನು ಪೊಲೀಸರು ತಡೆದು ನಿಲ್ಲಿಸುತ್ತಿದ್ದರು. ತೆರಿಗೆಯೊಡನೆ ಆ ಅಂಜಿಕೆಯೂ ಹೋಯಿತು. ಟೈರಿಗೆ ಒರಸಿಕೊಂಡು ತಿರುಗುತ್ತಿದ್ದ ಡೈನಮೋ ಸಹ ಹೋಯಿತು. ಡೈನಮೋವಿಗೆ ಒಂದು ದೊಡ್ಡ ದೋಷವಿತ್ತು: ಸೈಕಲ್ಲು ನಿಂತೊಡನೆ ದೀಪ ಆರುತ್ತಿತ್ತು. ಸವಾರನಿಗೆ ಬೆಳಕು ಅತ್ಯಗತ್ಯವಾಗುವುದು ಆಗಲೇ ತಾನೆ! ಈಗ ಮೊಬೈಲ್ ಫೋನನ್ನೋ ಸಣ್ಣ ಟಾರ್ಚನ್ನೋ ಹ್ಯಾಂಡಲ್ಲಿಗೆ ಕಟ್ಟಿಕೊಳ್ಳುವುದುಂಟು. ಮುಂದೆ ಬೆಳಕಾಯಿತು, ಹಿಂದಿನ ಮಡ್‌ಗಾರ್ಡಿನ ಕೆಂಪು ಗಾಜು ಧೂಳು ಮುಚ್ಚಿ ಕುರುಡಾಗಿರುತ್ತದೆ.

ಗೇರಿಲ್ಲದ ಈ ಬಂಡಿಯ ತೂಕ 20 ಕಿಲೋಗ್ರಾಮಿನ ಆಸುಪಾಸು. ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಇದ್ದರೆ ಪೆಡಲಿನ ಒಂದು ಪೂರ್ತಿ ಸುತ್ತಿಗೆ ಸೈಕಲ್ಲು ಸುಮಾರು ಐದೂವರೆ ಮೀಟರ್ ಮುಂದೆ ಸರಿಯುತ್ತದೆ. ಹತ್ತು ಕಿಲೋಮೀಟರಿಗೆ 1,800ಕ್ಕೂ ಹೆಚ್ಚು ಸುತ್ತು. ಹೋಗಿ ಬರುವಲ್ಲಿ ಅದರ ಇಮ್ಮಡಿ. ಕೆರೆ ಏರಿಗಳೂ ಇಳಿಜಾರುಗಳೂ ಒಂದಾದ ಮೇಲೊಂದು ಬರುವ ಈ ಮೈದಾನದಲ್ಲಿ ಸವಾರನಿಗೆ ದಿಬ್ಬಕ್ಕಿಂತ ದೊಡ್ಡ ಶತ್ರು ಆಷಾಢದ ಗಾಳಿ. ಪಡುವಣದ ಹಳ್ಳಿಯವನನ್ನು ಅದು ಬೆಳಿಗ್ಗೆ ಬೆನ್ನುತಟ್ಟಿ ಪೇಟೆಗೆ ಕಳಿಸುತ್ತದೆ. ಎಂಟು ಹತ್ತು ಗಂಟೆ ಮಗ್ಗದ ಮುಂದೆ ನಿಂತು ಸೊರಗಿದವನನ್ನು ಸಂಜೆ ಎದೆಗೆ ಕೈಕೊಟ್ಟು ತಡೆಯುತ್ತದೆ.

ಇಂಥ ಬಂಡಿಯ ಆಯುಸ್ಸು ಇರುವುದು ಆರೈಕೆಯಲ್ಲಿ. ಚೈನಿಗೆ ಎಣ್ಣೆ, ಗಾಲಿಯ ಬೆಂಡು ತೆಗೆಸುವುದು, ಸವೆದ ಬ್ರೇಕ್ ರಬ್ಬರು ಬದಲಿಸುವುದು, ಇಷ್ಟು ನಡೆದರೆ ಇಪ್ಪತ್ತು ಮೂವತ್ತು ವರ್ಷಕ್ಕೂ ಮೋಸವಿಲ್ಲ. ಆದರೆ ಸೈಕಲ್ ಷಾಪುಗಳೇ ಕಡಿಮೆಯಾಗುತ್ತಿವೆ. 1951ರಲ್ಲಿ ಸೋನಿಪತ್ತಿನಲ್ಲಿ ಆರಂಭವಾಗಿ ದೇಶದ ಹಳ್ಳಿಹಳ್ಳಿಗೂ ಹೆಸರಾಗಿದ್ದ ಅಟ್ಲಾಸ್ ಕಂಪೆನಿ ಸಾಹಿಬಾಬಾದಿನ ತನ್ನ ಕಾರ್ಖಾನೆಯಲ್ಲಿ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಆ ದಿನ ವಿಶ್ವ ಸೈಕಲ್ ದಿನ, ವಿಧಿಯ ವಿನೋದವೆನ್ನಬೇಕು.

ಇವೆಲ್ಲಕ್ಕಿಂತ ಹೆಚ್ಚಾಗಿ ಸವಾರನನ್ನು ಕಾಡುತ್ತಿರುವುದು ರಸ್ತೆಯೇ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಹಾರದಂತೆ ಪೋಣಿಸುವ ಹೆದ್ದಾರಿ ಅಗಲವಾಗಿ, 2024ರಲ್ಲಿ ಉದ್ಘಾಟನೆಗೊಂಡಿತು. ಲಾರಿಗಳಿಗೆ ಬೆಂಗಳೂರನ್ನು ಬಳಸಿ ಹೋಗಲು ಅನುಕೂಲವಾಯಿತೆಂಬುದು ನಿಜ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದಂದಿನಿಂದ ಈ ಸೀಮೆಯ ರಸ್ತೆಗಳಿಗೆ ಬಿಡುವೆಂಬುದೇ ಇರಲಿಲ್ಲ. ಆದರೆ ಇಂಥ ಹೆದ್ದಾರಿ ಹಳ್ಳಿಯ ಅಡ್ಡದಾರಿಯನ್ನು ಕಡಿದು ಹಾಯುವಲ್ಲಿ ಸೈಕಲ್ಲಿನವನ ಪಾಡೇನು? ಎದುರಿಗೇ ಕಾಣುವ ತನ್ನ ಹೊಲಕ್ಕೆ ಹೋಗಬೇಕಾದರೂ ಕೆಳಸೇತುವೆ ಇರುವೆಡೆಗೆ ಸುತ್ತಿಬರಬೇಕು, ಇಲ್ಲವೇ ವಿಭಜಕದ ಮೇಲೆ ಸೈಕಲ್ಲನ್ನು ಎತ್ತಿ ದಾಟಿಸಬೇಕು. ಮೋಟಾರಿನವನಿಗೆ ಎರಡು ನಿಮಿಷವಾಗುವ ಸುತ್ತು ಇವನಿಗೆ ನೂರಾರು ಪೆಡಲು. ದಣಿದ ಕಾಲು ಯಾವುದನ್ನು ಆರಿಸಿಕೊಳ್ಳುತ್ತದೆಂದು ಊಹಿಸುವುದು ಕಷ್ಟವಲ್ಲ. ಕತ್ತಲಲ್ಲಿ, ಹಿಂದೀಪವಿಲ್ಲದೆ, ಸಾಲುಸಾಲು ವಾಹನಗಳ ನಡುವೆ ಆ ಆಯ್ಕೆ ಪ್ರಾಣದ ಮೇಲೆ ಬರುತ್ತದೆ. ರಸ್ತೆಯ ನಕ್ಷೆ ಬರೆದವರು ಇವನನ್ನೂ ಒಬ್ಬ ಪ್ರಯಾಣಿಕನೆಂದು ಎಣಿಸಿದ್ದರೆ ಚೆನ್ನಾಗಿತ್ತು.

ಭಾನುವಾರದ ನಸುಕಿನಲ್ಲಿ ಇದೇ ಸೀಮೆಗೆ ಬೇರೊಂದು ಸೈಕಲ್ ಪರಿವಾರದ ಆಗಮನವಾಗುತ್ತದೆ. ಬೆಂಗಳೂರಿನ ಯುವಕ ಯುವತಿಯರು ಶಿರಸ್ತ್ರಾಣ ತೊಟ್ಟು, ಮಿನುಗುವ ಕೆಂಪು ದೀಪ ಕಟ್ಟಿ, ಎಂಟೊಂಬತ್ತು ಕಿಲೋಗ್ರಾಮಿನ ಹಗುರ ಸೈಕಲ್ಲುಗಳ ಮೇಲೆ ನಂದಿ ಬೆಟ್ಟದತ್ತ ಧಾವಿಸುತ್ತಾರೆ. ರಾತ್ರಿ ಪಾಳಿ ಮುಗಿಸಿದ ಮಗ್ಗದವನು ಎದುರಾದರೆ ಕೆಲವರು ಕೈಬೀಸುತ್ತಾರೆ. ಅವನೂ ಬೆಲ್ಲು ಬಾರಿಸುತ್ತಾನೆ. ಅವರ ಬೆನ್ನಿನ ಆ ಪುಟ್ಟ ಕೆಂಪು ದೀಪ ಇವನ ಸೈಕಲ್ಲಿಗೆ ಬಂದರೆ, ಸಲಕರಣೆಗಳಲ್ಲೆಲ್ಲ ಅದೇ ಹೆಚ್ಚು ಬಾಳುವುದು. ಅದರ ಬೆಲೆಯೂ ದುಬಾರಿಯಲ್ಲ.

ಮಗ್ಗದ ಷೆಡ್ಡುಗಳ ಮುಂದೆ ಒರಗಿಸಿಟ್ಟ ಬಂಡಿಗಳ ನಡುವೆ ಕೆಲವೊಮ್ಮೆ ಹೆಣ್ಣುಮಕ್ಕಳ ಸೈಕಲ್ಲೂ ಕಾಣಸಿಗುತ್ತದೆ. ರಾಜ್ಯ ಸರ್ಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಕೊಟ್ಟು, ಕೊರೊನಾ ಕಾಲದಲ್ಲಿ ವಿತರಣೆ ನಿಲ್ಲಿಸಿದ ಸೈಕಲ್ಲುಗಳ ಪೈಕಿ ಅದೂ ಒಂದು. ಮಗಳು ಹತ್ತನೆಯ ತರಗತಿ ಮುಗಿಸಿ ಬಸ್ಸಿನಲ್ಲಿ ಕಾಲೇಜಿಗೆ ಹೊರಟಳು. ಸೈಕಲ್ಲು ಅಪ್ಪನ ಪಾಲಿಗೆ ಬಂತು. ಸೀಟನ್ನು ಏರಿಸಬಹುದಾದಷ್ಟು ಏರಿಸಿ, ಮುಂದಿನ ಬುಟ್ಟಿಯಲ್ಲಿ ಬುತ್ತಿ ಇಟ್ಟುಕೊಂಡು, ಮೊಣಕಾಲು ಹ್ಯಾಂಡಲ್ಲಿಗೆ ತಾಗದಂತೆ ತುಸು ಅಗಲಿಸಿ ತುಳಿಯುತ್ತ ಅವನು ಪಾಳಿಗೆ ಬರುತ್ತಾನೆ.