ಕಣ್ಣೂ ಕಾಲೂ

ಓಡುವುದು ಕಾಲಿನ ಕೆಲಸವೆಂಬುದು ಲೋಕದ ತಿಳಿವಳಿಕೆ. ಓಟದ ಕೂಲಿಯಲ್ಲಿ ಅರ್ಧ ಕಣ್ಣಿಗೆ ಸಲ್ಲಬೇಕೆಂಬುದು ನನ್ನ ವಾದ. ಬಿ.ಎ. ಓದುವ ಹುಡುಗನಿಗೆ ಈ ಶರೀರಶಾಸ್ತ್ರದ ಉಸಾಬರಿ ಏಕೆಂದು ನಮ್ಮ ಅಧ್ಯಾಪಕರು ಹುಬ್ಬೇರಿಸಬಹುದು. ಕಾರಣವಿದೆ. ಮಂಡ್ಯದ ಸುತ್ತ ನಸುಕಿನಲ್ಲಿ ಓಡುವವರು ಎರಡು ಪಂಗಡ. ಸಕ್ಕರೆಯ ಊರಿನಲ್ಲಿದ್ದು ಸಕ್ಕರೆ ಕಾಯಿಲೆ ತಂದುಕೊಂಡು ಡಾಕ್ಟರ ಅಪ್ಪಣೆಯಂತೆ ಓಡುವವರು ಒಂದು. ಪೊಲೀಸ್ ಕಾನ್ಸ್‌ಟೇಬಲ್ ಹುದ್ದೆಯ ಆಸೆಯಿಂದ ಓಡುವವರು ಇನ್ನೊಂದು. ನಾನೂ ನನ್ನ ಗೆಳೆಯನೂ ಎರಡನೆಯ ಪಂಗಡ. ಆ ಹುದ್ದೆಗೆ ಗಂಡಸರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ಅಂದರೆ ಸೆಕೆಂಡಿಗೆ ನಾಲ್ಕು ಮೀಟರಿಗೂ ತುಸು ಹೆಚ್ಚು.

ಈ ಲೆಕ್ಕವನ್ನು ಇನ್ನೂ ಸ್ವಲ್ಪ ಎಳೆದರೆ ಸ್ವಾರಸ್ಯವಿದೆ. ಕಣ್ಣು ಒಂದು ಕಲ್ಲನ್ನು ಕಂಡು, ಆ ಸುದ್ದಿ ಮಿದುಳಿಗೆ ಮುಟ್ಟಿ, ಅಲ್ಲಿಂದ ಅಪ್ಪಣೆ ಹೊರಟು, ಕಾಲು ಪಕ್ಕಕ್ಕೆ ಸರಿಯುವುದಕ್ಕೆ ಸೆಕೆಂಡಿನ ಐದರಲ್ಲೊಂದು ಪಾಲಿನಷ್ಟು ಹೊತ್ತು ಹಿಡಿಯಬಹುದು. ಅಷ್ಟರಲ್ಲಿ ಓಟಗಾರ ಮುಕ್ಕಾಲು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತಾನೆ. ಆದುದರಿಂದ ಪಾದದ ಬುಡದಲ್ಲಿರುವ ಕಲ್ಲನ್ನು ನೋಡಿ ಪ್ರಯೋಜನವಿಲ್ಲ. ಅದನ್ನು ಎಡವಿ ಆಗಿರುತ್ತದೆ. ಅಮೆರಿಕದ ಕೆಲವು ಸಂಶೋಧಕರು ಕಲ್ಲುಮುಳ್ಳಿನ ದಾರಿಯಲ್ಲಿ ನಡೆಯುವವರಿಗೆ ನೋಟದ ಜಾಡು ಹಿಡಿಯುವ ಉಪಕರಣ ತೊಡಿಸಿ ಪರೀಕ್ಷಿಸಿ, 2018ರಲ್ಲಿ ಅದನ್ನು ಪ್ರಕಟಿಸಿದರು. ದಾರಿ ಕೆಟ್ಟಷ್ಟೂ ನೋಟ ಕೆಳಗಿಳಿಯುತ್ತದೆ, ನಡಿಗೆ ನಿಧಾನವಾಗುತ್ತದೆ. ಆದರೂ ಕಣ್ಣು ಕಾಲಿಗಿಂತ ಸುಮಾರು ಒಂದೂವರೆ ಸೆಕೆಂಡು ಮುಂದೆಯೇ ಇರುತ್ತದೆ. ಕಣ್ಣು ಜಾಗವನ್ನು ಆರಿಸಿಟ್ಟು ಮುಂದೆ ಹೋಗುತ್ತದೆ. ಕಾಲು ಆಮೇಲೆ ಬಂದು ಅಲ್ಲಿ ಇಳಿಯುತ್ತದೆ.

ಮಳವಳ್ಳಿ ಕಡೆಯ ನಮ್ಮ ಗದ್ದೆಯ ಬದು ಒಂದು ಅಡಿ ಅಗಲ. ಎರಡು ಕಡೆಯೂ ಕೆಸರು, ನಡುನಡುವೆ ಏಡಿ ಬಿಲ. ಹುಲ್ಲಿನ ಹೊರೆ ಹೊತ್ತು ಅದರ ಮೇಲೆ ದಡದಡನೆ ಹೋಗುವ ನಮ್ಮಪ್ಪ ಹೆಬ್ಬೆಟ್ಟಿನ ಗುರುತಿನವರು. ಚಿಕ್ಕಂದಿನಲ್ಲಿ ಹಿಂದೆ ಹಿಂದೆ ಬರುತ್ತಿದ್ದ ನನಗೆ, "ಕಾಲ್ ನೋಡ್ಕಂಡ್ ನಡೀಬ್ಯಾಡ ಕಣ್ಲಾ, ಮುಂದ್ಕೆ ನೋಡು, ಕಾಲು ತಾನೇ ಬತ್ತದೆ" ಎನ್ನುತ್ತಿದ್ದರು. ಅಮೆರಿಕದ ಪಂಡಿತರಿಗೂ ನಮ್ಮಪ್ಪನಿಗೂ ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ.

ಇನ್ನೊಂದು ಸೋಜಿಗ. ಮೊಬೈಲನ್ನು ಕೈಯಲ್ಲಿ ಹಿಡಿದು ಓಡುತ್ತ ಚಿತ್ರ ತೆಗೆದು ನೋಡಿ. ಮರ, ಮನೆ, ಆಕಾಶ ಎಲ್ಲವೂ ಭೂಕಂಪಕ್ಕೆ ಸಿಕ್ಕಂತೆ ಕುಣಿಯುತ್ತವೆ. ಅದೇ ಓಟದಲ್ಲಿ ನಮ್ಮ ತಲೆಯೂ ಹೆಜ್ಜೆ ಹೆಜ್ಜೆಗೂ ಕುಲುಕುತ್ತದೆ, ಆದರೆ ಲೋಕ ಕುಣಿಯುವುದಿಲ್ಲ. ಒಳಗಿವಿಯಲ್ಲಿ ಒಂದೊಂದು ಕಡೆಗೂ ಮೂರು ಅರ್ಧವೃತ್ತದ ನಾಳಗಳಿವೆ. ತಲೆ ತಿರುಗಿದರೆ ಅವುಗಳೊಳಗಿನ ದ್ರವ ಕೊಂಚ ಹಿಂದುಳಿಯುತ್ತದೆ. ಆ ಸುದ್ದಿ ಮುಟ್ಟಿದೊಡನೆ ಕಣ್ಣುಗುಡ್ಡೆ ಅಷ್ಟೇ ಪ್ರಮಾಣದಲ್ಲಿ ಎದುರು ದಿಕ್ಕಿಗೆ ಹೊರಳುತ್ತದೆ. ಇದಕ್ಕೆ ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟು ಹೊತ್ತು ಸಾಕು. ನಂಬದವರು ಈ ಸಂಚಿಕೆಯನ್ನೇ ಹಿಡಿದು ಪರೀಕ್ಷಿಸಬಹುದು. ಪುಸ್ತಕವನ್ನು ಬೇಗ ಬೇಗ ಅತ್ತಿತ್ತ ಆಡಿಸಿದರೆ ಅಕ್ಷರಗಳು ಕಲಸಿಹೋಗುತ್ತವೆ. ಪುಸ್ತಕವನ್ನು ಸ್ಥಿರವಾಗಿ ಹಿಡಿದು ತಲೆಯನ್ನು ಅಷ್ಟೇ ಬೇಗ ಆಡಿಸಿದರೆ ಓದಬಹುದು. ಗ್ರಂಥಪಾಲಕರ ಎದುರಿಗೆ ಮಾತ್ರ ಬೇಡ.

ಈಗ ನನ್ನ ಗೆಳೆಯನ ಮಾತು. ಅವನು ಮದ್ದೂರು ಕಡೆಯವನು. ಚಿಕ್ಕವನಿದ್ದಾಗ ಕಬ್ಬಿನ ಗರಿ ತಗುಲಿ ಅವನ ಎಡಗಣ್ಣು ಹೋಯಿತು. ಆದರೂ ಕಬ್ಬಿನ ಗದ್ದೆಗಳ ನಡುವಣ ಗಾಡಿದಾರಿಯಲ್ಲಿ ನಮ್ಮನ್ನೆಲ್ಲ ಹಿಂದೆ ಹಾಕುತ್ತಾನೆ. ದೂರ ಹತ್ತಿರಗಳನ್ನು ಅಳೆಯುವುದಕ್ಕೆ ಎರಡು ಕಣ್ಣು ಬೇಕೆಂದು ಶಾಲೆಯಲ್ಲಿ ಕೇಳಿದ್ದೆವಲ್ಲ? ಬೇಕು, ಸೂಜಿಗೆ ದಾರ ಪೋಣಿಸುವಾಗ. ಓಡುವವನಿಗೆ ಬೇರೊಂದು ಅಳತೆಗೋಲು ಸಿಗುತ್ತದೆ. ಮದ್ದೂರಿನಿಂದ ಮಂಡ್ಯಕ್ಕೆ ರೈಲಿನಲ್ಲಿ ಬರುವಾಗ ಕಿಟಕಿಯ ಪಕ್ಕದ ಕಂಬಗಳು ಹಿಂದಕ್ಕೆ ಹಾರಿಹೋಗುತ್ತವೆ. ಆಚೆಯ ತೆಂಗಿನಮರಗಳು ನಿಧಾನವಾಗಿ ಸರಿಯುತ್ತವೆ. ದೂರದ ಗುಡ್ಡ ಹೋಗಲೋ ಬೇಡವೋ ಎನ್ನುತ್ತದೆ. ಈ ವೇಗದ ವ್ಯತ್ಯಾಸವನ್ನು ಒಂದೇ ಕಣ್ಣೂ ಓದಬಲ್ಲದು. ಓಡುವವನ ಎದುರಿಗೂ ಹಾಗೆಯೇ. ಹೋಗಿ ಸೇರಬೇಕಾದ ಜಾಗ ಮಾತ್ರ ನಿಂತಿರುತ್ತದೆ, ಉಳಿದದ್ದೆಲ್ಲ ಅದರ ಸುತ್ತಲಿಂದ ಹೊರಕ್ಕೆ ಹರಿದುಬರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಚಾಲಕರ ದೃಷ್ಟಿಯನ್ನು ಕುರಿತು ಕೆಲಸ ಮಾಡಿದ ಜೇಮ್ಸ್ ಗಿಬ್ಸನ್ ಎಂಬ ಮನಶ್ಶಾಸ್ತ್ರಜ್ಞ, 1950ರ ತನ್ನ ಗ್ರಂಥದಲ್ಲಿ ಈ ಹರಿವನ್ನು ವಿವರಿಸಿದ್ದಾನೆ.

ಗಿಬ್ಸನ್ ಏನೇ ಬರೆದಿರಲಿ, ಕಣ್ಣಿನ ಪರೀಕ್ಷೆಯಲ್ಲಿ ಗೆಳೆಯನನ್ನು ಕೈಬಿಟ್ಟರು. ಆಗ ಅವನ ಓಟ 6 ನಿಮಿಷ 5 ಸೆಕೆಂಡು. ನಿಯಮಕ್ಕೆ ಕಾರಣವಿರಬಹುದು, ಎಡಗಡೆಯಿಂದ ಬರುವುದು ತನಗೆ ತಡವಾಗಿ ಕಾಣುತ್ತದೆಂದು ಅವನೇ ಒಪ್ಪುತ್ತಾನೆ. ಆದರೆ ಐದು ವರ್ಷದ ಬೆಳಗುಗಳು ಒಂದು ಅಕ್ಷರಫಲಕದ ಮುಂದೆ ಐದು ನಿಮಿಷದಲ್ಲಿ ಮುಗಿದುಹೋದುದನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಮೂರು ದಿನ ಅವನು ಓಟಕ್ಕೆ ಬರಲಿಲ್ಲ. ನಾಲ್ಕನೆಯ ದಿನ ಬಂದ.

ಅಂದು ನಾನು ಅವನಿಗೆ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರ ವಿಷಯ ತೆಗೆದೆ. ದೃಷ್ಟಿಯಿಲ್ಲದ ಈ ಓಟಗಾರ್ತಿ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್ ಓಟದಲ್ಲಿ 2018ರಲ್ಲಿ ಜಕಾರ್ತದಲ್ಲಿಯೂ 2023ರಲ್ಲಿ ಹಾಂಗ್‌ಝೌನಲ್ಲಿಯೂ ಚಿನ್ನ ಗೆದ್ದರು; 2024ರಲ್ಲಿ ಪ್ಯಾರಿಸ್ಸಿನ ಪ್ಯಾರಾಲಿಂಪಿಕ್ಸಿನಲ್ಲಿ ಓಡಿದರು. ಆ ವರ್ಗದವರು ಕಣ್ಣಿಗೆ ಪಟ್ಟಿ ಕಟ್ಟಿ, ಕಣ್ಣಿರುವ ಒಬ್ಬ ಸಂಗಾತಿಯೊಡನೆ ಒಂದು ತುಂಡು ಹಗ್ಗ ಹಿಡಿದು ಓಡುತ್ತಾರೆ. ಇಬ್ಬರ ಕೈಯ ಬೀಸೂ ಹೆಜ್ಜೆಯೂ ಒಂದಾಗಬೇಕು. ಕೊನೆಯ ಗೆರೆಯನ್ನು ಸಂಗಾತಿ ಮೊದಲು ದಾಟಿದರೆ ಓಟವೇ ಅನರ್ಹ. ಕಣ್ಣೊಬ್ಬರದು, ಕಾಲೊಬ್ಬರದು, ನಡುವೆ ಒಂದು ಗೇಣು ಹಗ್ಗ. ನನ್ನ ಭಾಷಣವನ್ನೆಲ್ಲ ಕೇಳಿ ಗೆಳೆಯ, "ಅವ್ರ ಜೊತೆಗೆ ಹಗ್ಗ ಹಿಡಿಯೋರವ್ರೆ, ನಂಗೆ ನೀನಿದ್ದೀಯಲ್ಲ. ಬಾಯ್ ಮುಚ್ಕಂಡ್ ಓಡ್ಲಾ" ಎಂದ.

ಅವನು ಈಗ ಬಿ.ಎಡ್.ಗೆ ಸೇರುವ ಯೋಚನೆಯಲ್ಲಿದ್ದಾನೆ. ಆದರೂ ದಿನವೂ ವಿ.ಸಿ. ನಾಲೆಯ ಏರಿಗೆ ಬರುತ್ತಾನೆ. ನಾನು ಅವನ ಎಡಕ್ಕೆ ಓಡುತ್ತೇನೆ. ಆ ಕಡೆಯಿಂದ ಟ್ರಾಕ್ಟರೋ ಎಮ್ಮೆಯೋ ಬಂದರೆ ಹೇಳುವುದು ನನ್ನ ಕೆಲಸ. ಗಡಿಯಾರ ಅವನ ಕೈಯಲ್ಲಿ. ಕಳೆದ ವಾರ ನನ್ನದು 6 ನಿಮಿಷ 41 ಸೆಕೆಂಡು. ಇನ್ನು ಹನ್ನೊಂದು ಸೆಕೆಂಡು ಕಳೆಯಬೇಕು.