ಬಾರ್ಸಿಲೋನಾದ ಮುಗಿಯದ ಮಂದಿರ

ಸ್ಪೇನ್ ದೇಶದ ಕತಲೋನಿಯಾ ಪ್ರಾಂತದ ರಾಜಧಾನಿ ಬಾರ್ಸಿಲೋನಾ ಮೆಡಿಟರೇನಿಯನ್ ಸಮುದ್ರದ ದಂಡೆಯ ಮೇಲಿದೆ. 2024ರ ಜೂನ್ ತಿಂಗಳಲ್ಲಿ ನಾವು ದಂಪತಿಗಳು ಆ ನಗರದಲ್ಲಿ ಐದು ದಿನ ಇದ್ದೆವು. ಅಲ್ಲಿಯ ಬೇಸಗೆಯಲ್ಲಿ ರಾತ್ರಿ ಒಂಬತ್ತು ಗಂಟೆಯಾದರೂ ಬೆಳಕು ಆರುವುದಿಲ್ಲ. ಶಾಕಾಹಾರಿಗಳಾದ ನಮಗೆ ಊಟದ ಚಿಂತೆ ಇತ್ತು. ಆದರೆ ಸುಟ್ಟ ರೊಟ್ಟಿಗೆ ಹಣ್ಣಾದ ಟೊಮೇಟೊ ತಿಕ್ಕಿ, ಆಲಿವ್ ಎಣ್ಣೆ ಸುರಿದು, ಉಪ್ಪು ಉದುರಿಸಿ ತಿನ್ನುವುದು ಆ ನಾಡಿನ ನಿತ್ಯದ ಆಹಾರ. ಅದರ ಜೊತೆಗೆ ನಮ್ಮ ಮನೆಯವರು ಕಟ್ಟಿಕೊಂಡು ತಂದಿದ್ದ ಶೇಂಗಾ ಚಟ್ನಿಪುಡಿ ಚೆನ್ನಾಗಿ ಹೊಂದಿತು.

ಮೂರನೆಯ ದಿನ ಇಷ್ಟಲಿಂಗ ಪೂಜೆ ಮುಗಿಸಿ ಸಗ್ರಾದಾ ಫಮೀಲಿಯಾ ಎಂಬ ಕ್ರೈಸ್ತ ಮಂದಿರವನ್ನು ನೋಡಲು ಹೊರಟೆವು. ಪ್ರವೇಶಕ್ಕೆ ಗೊತ್ತಾದ ವೇಳೆ ಇರುತ್ತದೆ. ನೆಲದಡಿಯ ರೈಲಿನ ನಿಲ್ದಾಣದ ಮೆಟ್ಟಿಲ ಮೇಲೆ ಮಾಸಿದ ಕೋಟು ತೊಟ್ಟ ಮುದುಕನೊಬ್ಬ ಕೈಚಾಚಿ ಕುಳಿತಿದ್ದ. ಜೇಬುಗಳ್ಳರ ಬಗ್ಗೆ ಎಚ್ಚರಿಕೆ ಕೇಳಿದ್ದ ನಾವು ಚೀಲವನ್ನು ಎದೆಗೊತ್ತಿಕೊಂಡು ಇಳಿದೆವು. ನಮ್ಮ ಮನೆಯವರು ಒಂದು ಗಳಿಗೆ ನಿಂತರು. "ವೇಳೆ ಮೀರುತ್ತದೆ" ಎಂದು ನಾವೇ ಅವರನ್ನು ಅವಸರಪಡಿಸಿದೆವು.

ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದು ಮಠದಲ್ಲಿ ಕಲಿತು ಬೆಳೆದವರು ನಾವು. ಆದುದರಿಂದ ಕಲ್ಲಿನ ಭವ್ಯತೆಗೆ ಬೆರಗಾಗುವುದು ನಮ್ಮ ಸ್ವಭಾವವಲ್ಲ. ಆದರೂ ಒಳಗೆ ಕಾಲಿಟ್ಟೊಡನೆ ಮಾತು ನಿಂತಿತು. ಕಂಬಗಳು ಮರಗಳಂತೆ ಮೇಲೇರಿ ಕೊಂಬೆಗಳಾಗಿ ಕವಲೊಡೆದು ಛಾವಣಿಯನ್ನು ಹೊತ್ತಿವೆ. ಮೂಡಣ ದಿಕ್ಕಿನ ಬಣ್ಣದ ಗಾಜುಗಳಿಂದ ನೀಲಿ ಹಸಿರು ಬೆಳಕು ನೆಲದ ಮೇಲೆ ಹರಡಿತ್ತು. ಪಡುವಣ ಗಾಜುಗಳು ಕೆಂಪು ಕಿತ್ತಳೆ ಬಣ್ಣದವು. ಸಂಜೆಯಾದರೆ ಇಡೀ ಮಂದಿರ ಕೆಂಡದಂತೆ ಬೆಳಗುತ್ತದೆ.

1882ರಲ್ಲಿ ಆರಂಭವಾದ ಈ ಕಟ್ಟಡವನ್ನು ಮರುವರ್ಷವೇ ಆಂತೋನಿ ಗೌಡಿ ಎಂಬ ಶಿಲ್ಪಿ ವಹಿಸಿಕೊಂಡನು. ಆಗ ಅವನಿಗೆ 31 ವರ್ಷ. ಮುಂದಿನ 43 ವರ್ಷ ಇದೇ ಅವನ ಕಾಯಕವಾಯಿತು. ಭಕ್ತರ ಕಾಣಿಕೆಯಿಂದಲೇ ಕಟ್ಟಬೇಕೆಂಬ ಸಂಕಲ್ಪವಿದ್ದುದರಿಂದ ಹಣ ಸಾಲದಾದಾಗ ಅವನೇ ಜನರ ಮುಂದೆ ಕೈಯೊಡ್ಡಿದನು. ಕೆಲಸಗಾರರ ಮತ್ತು ನೆರೆಯ ಬಡವರ ಮಕ್ಕಳಿಗಾಗಿ 1909ರಲ್ಲಿ ಅಲ್ಲಿಯೇ ಇಟ್ಟಿಗೆಯ ಶಾಲೆಯೊಂದನ್ನು ಕಟ್ಟಿದನು. ಅಲೆಯಂತೆ ಬಾಗಿದ ಅದರ ಮಾಡನ್ನು ಕಂಡಾಗ, ಅಕ್ಷರ ಮತ್ತು ಅನ್ನ ನೀಡಿದ ನಮ್ಮ ಮಠಗಳು ನೆನಪಾದವು. ನಡುವಣ ಗೋಪುರಕ್ಕೆ 172.5 ಮೀಟರ್ ಎತ್ತರವನ್ನು ಗೊತ್ತುಮಾಡಲಾಗಿದೆ. ಅದು ನಗರದ ಮೊಂಜುಯಿಕ್ ಬೆಟ್ಟಕ್ಕಿಂತ ತುಸು ಕಡಿಮೆ. ಮನುಷ್ಯನ ಕೃತಿ ದೇವರ ಸೃಷ್ಟಿಯನ್ನು ಮೀರಬಾರದೆಂಬುದು ಗೌಡಿಯ ಭಾವನೆಯಾಗಿತ್ತು.

ಅವನ ಸಮಾಧಿ ಮಂದಿರದ ನೆಲಮಾಳಿಗೆಯಲ್ಲಿದೆ. ಅಲ್ಲಿ ಅವನ ಅಂತ್ಯದ ಕಥೆ ತಿಳಿಯಿತು. 1926ರ ಜೂನ್ 7ರಂದು ಸಂಜೆಯ ಪ್ರಾರ್ಥನೆಗೆ ನಡೆದು ಹೋಗುತ್ತಿದ್ದ ಅವನಿಗೆ ಟ್ರಾಮ್ ಬಡಿಯಿತು. ಹಳೆಯ ಉಡುಪನ್ನು ಕಂಡವರು ಭಿಕ್ಷುಕನೆಂದು ಬಗೆದರು. ಅವನನ್ನು ಬಡವರ ಆಸ್ಪತ್ರೆಗೆ ಸೇರಿಸಲಾಯಿತು. ಇವನು ಯಾರೆಂದು ಗುರುತಾದದ್ದು ಮರುದಿನ. ಜೂನ್ 10ರಂದು, ತನ್ನ 73ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ನಗರಕ್ಕೆ ಮಂದಿರ ಕಟ್ಟಿಕೊಡುತ್ತಿದ್ದವನನ್ನು ಆ ನಗರದ ಬೀದಿಯೇ ಗುರುತಿಸಲಿಲ್ಲ. ಶವಯಾತ್ರೆಗೆ ಮಾತ್ರ ಊರಿಗೆ ಊರೇ ನೆರೆಯಿತು.

ನಮ್ಮ ಮನೆಯವರು ಬಹಳ ಹೊತ್ತು ಸುಮ್ಮನಿದ್ದು, "ಬೆಳಿಗ್ಗೆ ಮೆಟ್ಟಿಲ ಮೇಲಿದ್ದವನೂ ಇಷ್ಟೇ ವಯಸ್ಸಿನವನಲ್ಲವೆ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಸ್ಥಾವರ ಜಂಗಮಗಳ ಭೇದವನ್ನು ಹತ್ತಾರು ವೇದಿಕೆಗಳಲ್ಲಿ ಹೇಳಿಕೊಂಡು ಬಂದ ನಾವು, ಕಲ್ಲು ನೋಡುವ ಆತುರದಲ್ಲಿ ಜೀವವನ್ನು ದಾಟಿ ಬಂದಿದ್ದೆವು. ಸಂಜೆ ಒಂದು ರೊಟ್ಟಿಯ ಪೊಟ್ಟಣ ಕೊಂಡು ಅದೇ ಮೆಟ್ಟಿಲ ಬಳಿ ಹೋದೆವು. ಮುದುಕ ಅಲ್ಲಿರಲಿಲ್ಲ. ಮುಂದಿನ ಎರಡು ದಿನವೂ ಕಾಣಲಿಲ್ಲ.

ಇಂದಿಗೂ ಯಾರಾದರೂ ಬಾರ್ಸಿಲೋನಾದಲ್ಲಿ ಏನು ನೋಡಿದಿರಿ ಎಂದು ಕೇಳಿದರೆ ನಾವು ಮಂದಿರದ ಕಥೆಯನ್ನೇ ಹೇಳತೊಡಗುತ್ತೇವೆ. ನಮ್ಮ ಮನೆಯವರು ಮೆಟ್ಟಿಲಿನಿಂದ ಆರಂಭಿಸುತ್ತಾರೆ. ಅವರ ಪ್ರವಾಸಕಥನವೇ ಸರಿಯಾದುದೆಂದು ನಮಗೆ ತೋರುತ್ತದೆ.