ಬುತ್ತಿಯ ಹುಟ್ಟುಹಬ್ಬ

'ಪಾಟ್‌ಲಕ್' ಎಂಬ ಪದಕ್ಕೆ 16ನೆಯ ಶತಮಾನದ ಇಂಗ್ಲಿಷಿನಲ್ಲಿದ್ದ ಅರ್ಥ ಬೇರೆ: ಹೇಳದೆ ಬಂದ ಅತಿಥಿಗೆ ಅಂದು ಗಡಿಗೆಯಲ್ಲಿ ಬೆಂದಿದ್ದರಲ್ಲಿ ದಕ್ಕುವ ಪಾಲು. ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುವ ಅರ್ಥ ಬಂದದ್ದು ಬಹಳ ತಡವಾಗಿ. ಮಗಳ 12ನೆಯ ಹುಟ್ಟುಹಬ್ಬಕ್ಕೆ ದೆಹಲಿಯ ನಮ್ಮ ಸರ್ಕಾರಿ ವಸತಿಗೃಹಗಳ ನೆರೆಯವರನ್ನು ಈ ಎರಡನೆಯ ಅರ್ಥದಲ್ಲಿ ಕರೆಯೋಣವೆಂದಾಗ ಅವ್ವ ಸಿಡಿದೆದ್ದಳು.

"ಊಟಕ್ಕ ಕರದು ಬುತ್ತಿ ಕಟ್ಟಿಕೊಂಡು ಬರ್ರಿ ಅಂತೀಯೇನೋ? ಮಂದಿ ಏನಂದಾರು!"

ಕೊರತೆಯನ್ನು ಕಂಡ ಮನೆಗಳಲ್ಲಿ ಅತಿಥಿಯ ತಾಟೇ ಮಾನದ ಅಳತೆಗೋಲು. ಆ ಅಂಜಿಕೆ ನನ್ನಲ್ಲೂ ಇದೆ. ಆದರೆ ಮೂವತ್ತು ಜನರಿಗೆ ಹೊರಗಿನಿಂದ ಊಟ ತರಿಸುವುದೆಂದರೆ ಮಗಳ ಶಾಲಾ ಶುಲ್ಕಕ್ಕೆ ಕೈಹಾಕಿದಂತೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ನಮ್ಮ ಸಜ್ಜೆರೊಟ್ಟಿ ಪಕ್ಕದ ಹೊಲದವರ ತಾಟಿಗೆ, ಅವರ ಶೇಂಗಾಹೋಳಿಗೆ ನಮ್ಮ ತಾಟಿಗೆ ಬರುತ್ತಿದ್ದುದನ್ನು ನೆನಪಿಸಿದೆ. ಅವ್ವ ಮರುಮಾತಾಡದೆ ಹುಣಸೆ ನೆನೆಹಾಕಿದಳು.

ಗಿರ್ಮಿಟ್ಟಿನಷ್ಟು ಅಗ್ಗದ, ಮಕ್ಕಳು ಮತ್ತೆ ಮತ್ತೆ ಕೇಳುವ ತಿನಿಸು ಇನ್ನೊಂದಿಲ್ಲವೆಂಬುದು ನನ್ನ ಪಕ್ಷಪಾತ. ಒಂದು ಕಿಲೋ ಚುರುಮುರಿ ಮೂವತ್ತು ಜನರಿಗೆ ಧಾರಾಳ. ಈರುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಹುಣಸೆರಸ, ಬೆಲ್ಲ ಹಾಕಿ ಕುದಿಸಿದ ಗೊಜ್ಜನ್ನು ಹಿಂದಿನ ದಿನವೇ ಮಾಡಿಡಬಹುದು. ಚುರುಮುರಿ, ಪುಟಾಣಿಹಿಟ್ಟು ಬೆರೆಸುವುದು ಮಾತ್ರ ತಾಟು ಹಿಡಿದು ನಿಂತಾಗಲೇ, ಇಲ್ಲವಾದರೆ ಮೆತ್ತಗಾಗುತ್ತದೆ. ಇದರ ಜೊತೆಗೆ ಚಿತ್ರಾನ್ನ, ಕೋಸಂಬರಿ ನಮ್ಮವು. ಯಾರು ಏನು ತರಬೇಕೆಂದು ಮೊದಲೇ ಹೇಳಿಬಿಡುವುದು ಲೇಸು, ಎಲ್ಲರೂ ಸಿಹಿಯನ್ನೇ ತಂದಾರು. ಪಂಜಾಬಿ ಮನೆಯಿಂದ ಛೋಲೆ ಬಂತು; ಒಂಟಿಯಾಗಿರುವ ಸಹೋದ್ಯೋಗಿ ಬಾಳೆಹಣ್ಣು ತಂದರು. ಹುಟ್ಟುಹಬ್ಬಕ್ಕೆ ಪಾಯೇಶ್ ಆಗಲೇಬೇಕೆನ್ನುವ ಬಂಗಾಳಿ ಅಜ್ಜಿ, ಮಗಳಿಗೆ ಮೊದಲ ಚಮಚ ತಾವೇ ತಿನ್ನಿಸಿದರು. ಆಮೇಲೆ ಅವ್ವನ ಬಳಿ ಕುಳಿತು ಎರಡನೆಯ ಸಲ ಗಿರ್ಮಿಟ್ ಹಾಕಿಸಿಕೊಂಡರು.